ಶ್ರಾವಕನ ಮನೆಯ ನಾಯಿ ಮತ್ತು ಅನ್ನಪಾನನಿರೋಧ

ಅಹಿಂಸಾಣುವ್ರತದ ಅತಿಚಾರಗಳು ಐದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಅವನ್ನು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಹೆಸರಿಸಿದ್ದಾರೆ. ಪ್ರಾಣಿಯನ್ನು ಬಿಗಿದು ಕಟ್ಟುವುದು, ಹೊಡೆಯುವುದು, ಅದರ ಕಿವಿ ಮೂಗು ಮೊದಲಾದ ಅವಯವಗಳನ್ನು ಕೊಯ್ಯುವುದು, ತಾಳಲಾರದ ಹೊರೆಯನ್ನು ಹೇರುವುದು, ಅನ್ನ ನೀರುಗಳನ್ನು ತಡೆಯುವುದು ಎಂದು ಇವುಗಳ ಅರ್ಥ. ಮೊದಲ ನಾಲ್ಕನ್ನು ಕುರಿತು ಪ್ರವಚನಗಳಲ್ಲಿ ಸಾಕಷ್ಟು ವಿವರಣೆ ಕೇಳಿಬರುತ್ತದೆ. ಐದನೆಯದಕ್ಕೆ ಬಂದಾಗ ಮಾತ್ರ ಮಾತು ಚುಟುಕಾಗುತ್ತದೆ. ದನಕರುಗಳನ್ನು ಉಪವಾಸ ಕೆಡವಬಾರದು ಎಂದಷ್ಟೇ ಹೇಳಿ ಸತ್ಯಾಣುವ್ರತಕ್ಕೆ ಹೋಗುವುದು ರೂಢಿಯಾಗಿದೆ. ಇದಕ್ಕೆ ಆಧಾರವಿಲ್ಲದೆ ಇಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುವಾಗ ‘ಗವಾದಿ’ಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯುಂಟುಮಾಡುವುದು ಎಂದಿದ್ದಾರೆ. ಗೋವು ಎಂಬ ಶಬ್ದ ಕಿವಿಯಲ್ಲಿ ಉಳಿದುಕೊಂಡಿತು, ‘ಆದಿ’ ಎಂಬುದು ಜಾರಿಹೋಯಿತು. ಆ ‘ಆದಿ’ಯೊಳಗೆ ನಾಯಿ ಸೇರುತ್ತದೆಯೇ, ಸೇರುವುದಾದರೆ ಇಂದಿನ ಶ್ರಾವಕನ ಮನೆಯ ಬಾಗಿಲಲ್ಲಿ ಕಟ್ಟಿದ ನಾಯಿಯ ತಟ್ಟೆಯನ್ನು ಆ ಸೂತ್ರದ ಬೆಳಕಿನಲ್ಲಿ ಹೇಗೆ ನೋಡಬೇಕು ಎಂಬುದು ವಿವೇಚನೆಗೆ ತಕ್ಕ ವಿಷಯ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಅಡುಗೆಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಅಕ್ಕಿ ಗಿರಣಿಗಳ ನುಚ್ಚು, ತೌಡು ಅಲ್ಲಿ ಧಾರಾಳ. ಲಿಂಗಸುಗೂರು, ಮಸ್ಕಿಗಳ ಕಡೆ ಇಂದಿಗೂ ಜೋಳದ ರೊಟ್ಟಿಯೇ ಮನೆಯ ಊಟದ ಬೆನ್ನೆಲುಬು. ಈ ಭಾಗದಲ್ಲಿ ಬಾಗಿಲಿಗೆ ಬಂದ ನಾಯಿಗೆ ರೊಟ್ಟಿ ಹಾಕದ ಮನೆ ವಿರಳ. ಬೆಳಿಗ್ಗೆ ಉಳಿದ ತಂಗಳು ರೊಟ್ಟಿ, ಮಧ್ಯಾಹ್ನ ತಳದ ಅನ್ನ, ಮನಸ್ಸು ಬಂದರೆ ಒಂದಿಷ್ಟು ಹಾಲು. ಬೀದಿಯ ನಾಯಿಗೆ ಇದು ಕೆಟ್ಟದ್ದೇನಲ್ಲ. ಅದು ನಾಲ್ಕು ಬಾಗಿಲು ತಿರುಗುತ್ತದೆ, ತಿಪ್ಪೆ ಕೆದರುತ್ತದೆ, ಮನುಷ್ಯರ ಕಣ್ಣಿಗೆ ಬೀಳದ ಇನ್ನೂ ಏನೇನನ್ನೋ ತಿನ್ನುತ್ತದೆ. ಒಂದು ಮನೆಯ ಕೊರತೆಯನ್ನು ಇನ್ನೊಂದು ಮನೆ ತುಂಬುತ್ತದೆ. ಆದರೆ ವ್ಯಾಪಾರಸ್ಥರ ಮನೆಗಳಲ್ಲಿ ಈಗ ಬೆಲೆ ಕೊಟ್ಟು ತಂದ ಲ್ಯಾಬ್ರಡಾರ್, ಪೊಮೇರಿಯನ್ ಜಾತಿಯ ನಾಯಿಗಳಿವೆ. ಅವು ಕಾಂಪೌಂಡಿನೊಳಗೆ ಸರಪಳಿಯಲ್ಲಿವೆ. ಕಟ್ಟಿದ ನಾಯಿಗೆ ಎರಡನೆಯ ಬಾಗಿಲಿಲ್ಲ. ಅದರ ಹೊಟ್ಟೆಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂಬ ಪೂರ್ಣ ಹೊಣೆ ಕಟ್ಟಿದವನದಾಗುತ್ತದೆ. ಬಂಧ ಮತ್ತು ಅನ್ನಪಾನನಿರೋಧ ಒಂದೇ ಸೂತ್ರದಲ್ಲಿ ಒಟ್ಟಿಗೆ ಬಂದಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿ ಕಾಣುತ್ತದೆ. (ಬಾಲ ಕಿವಿಗಳನ್ನು ಅಂದಕ್ಕಾಗಿ ಕತ್ತರಿಸಿದ ಮರಿಯನ್ನು ಕೊಳ್ಳುವವರು ಛೇದವೆಂಬ ಅತಿಚಾರವನ್ನೂ ನೆನೆಯುವುದು ಒಳ್ಳೆಯದು.)

ಜೈನ ಕಥಾಸಾಹಿತ್ಯದಲ್ಲಿ ನಾಯಿ ಅಪರೂಪದ ಪಾತ್ರವಲ್ಲ. ಧರ್ಮದ ಬಲದಿಂದ ನಾಯಿಯೂ ದೇವನಾದೀತು, ಪಾಪದಿಂದ ದೇವನೂ ನಾಯಿಯಾದಾನು ಎಂಬ ಅರ್ಥದ ಮಾತನ್ನು ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ನಾಯಿ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅಂತಹ ಜೀವಕ್ಕೆ ಸಮ್ಯಗ್ದರ್ಶನವೂ ದೇಶವ್ರತವೂ ಸಾಧ್ಯವೆಂದು ಸಿದ್ಧಾಂತ ಒಪ್ಪುತ್ತದೆ. ಇಷ್ಟು ಎತ್ತರದ ಸ್ಥಾನವನ್ನು ಕೊಟ್ಟ ಪರಂಪರೆಯ ಕಾವ್ಯಗಳನ್ನು ಓದುವಾಗ ಒಂದು ಸಂಗತಿ ಎದ್ದುಕಾಣುತ್ತದೆ: ನಾಯಿ ಬರುವ ಕಡೆಯಲ್ಲೆಲ್ಲ ಅನ್ನದ ಪ್ರಶ್ನೆಯೂ ಬರುತ್ತದೆ. ವಿಮರ್ಶಕರೂ ಪ್ರವಚನಕಾರರೂ ಇದನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಜೀವಂಧರನ ಕಥೆಯನ್ನು ನೋಡಬಹುದು. ವಾದೀಭಸಿಂಹರ ಸಂಸ್ಕೃತ ಕೃತಿಗಳಿಂದ ಬಂದ ಈ ಕಥೆಯನ್ನು ಭಾಸ್ಕರ ಕವಿ 1424ರಲ್ಲಿ ಪೆನುಗೊಂಡೆಯಲ್ಲಿ ಭಾಮಿನೀ ಷಟ್ಪದಿಯಲ್ಲಿ ಕನ್ನಡಕ್ಕೆ ತಂದನು. ಯಾಗಕ್ಕೆಂದು ಇರಿಸಿದ ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಒಂದು ನಾಯಿ ಪೆಟ್ಟು ತಿಂದು ಸಾಯುವ ಸ್ಥಿತಿಯಲ್ಲಿರುತ್ತದೆ. ಜೀವಂಧರ ಕುಮಾರನು ಅದನ್ನು ಉಳಿಸಲಾರದೆ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಗುತ್ತದೆ. ಈ ಪ್ರಸಂಗವನ್ನು ಮಂತ್ರಮಹಿಮೆಗೆ ಉದಾಹರಣೆಯಾಗಿ ಹೇಳದ ಪ್ರವಚನಕಾರರಿಲ್ಲ. ಮಂತ್ರದ ಮಹಿಮೆ ನಿಜ. ಆದರೆ ಕಥೆಯ ಆರಂಭದಲ್ಲಿರುವುದು ಹಸಿವು. ಹೊಟ್ಟೆ ತುಂಬಿದ ನಾಯಿ ಅಷ್ಟು ಜನರ ನಡುವೆ ನುಗ್ಗಿ ಹವಿಸ್ಸಿಗೆ ಬಾಯಿ ಹಾಕುವುದಿಲ್ಲ. ಒಂದು ಕಡೆ ಅಗ್ನಿಗೆ ಸುರಿಯುವಷ್ಟು ಅನ್ನ, ಇನ್ನೊಂದು ಕಡೆ ಅದಕ್ಕಾಗಿ ಪ್ರಾಣ ಕೊಡುವ ಪ್ರಾಣಿ. ಕವಿ ಈ ವೈದೃಶ್ಯವನ್ನು ಕಥೆಯ ಅಡಿಪಾಯವಾಗಿ ಇಟ್ಟು ಮುಂದೆ ನಡೆದಿದ್ದಾನೆ. ಕೇಳುಗರು ಮಾತ್ರ ಕಥೆಯ ಕೊನೆಯನ್ನು ಹಿಡಿದುಕೊಂಡು ಆರಂಭವನ್ನು ಬಿಟ್ಟರು. ಸಾಯುವ ನಾಯಿಯ ಕಿವಿಗೆ ಮಂತ್ರ ಹೇಳುವ ಅವಕಾಶ ಒಬ್ಬ ಶ್ರಾವಕನಿಗೆ ಜೀವಮಾನದಲ್ಲಿ ಒಂದೆರಡು ಸಲ ಬಂದೀತು. ಬದುಕಿರುವ ನಾಯಿಗೆ ಅನ್ನವಿಡುವ ಸಂದರ್ಭ ದಿನಕ್ಕೆ ಎರಡು ಸಲ ಬರುತ್ತದೆ.

ಯಶೋಧರ ಚರಿತೆಯಲ್ಲಿ ಈ ಸಂಬಂಧ ಇನ್ನೂ ಆಳವಾಗಿದೆ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ಈ ಕಾವ್ಯವನ್ನು ಮುಗಿಸಿದನು. ಉಜ್ಜಯಿನಿಯ ಅರಸ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಬಳಿಕ ಅಮೃತಮತಿ ತಾಯಿ ಮಗ ಇಬ್ಬರಿಗೂ ಊಟದಲ್ಲಿ ವಿಷವಿಕ್ಕುತ್ತಾಳೆ. ಮರುಹುಟ್ಟಿನಲ್ಲಿ ಮಗ ನವಿಲಾಗುತ್ತಾನೆ, ತಾಯಿ ನಾಯಿಯಾಗುತ್ತಾಳೆ. ಎರಡೂ ಅದೇ ಅರಮನೆಗೆ ಕಾಣಿಕೆಯಾಗಿ ಬರುತ್ತವೆ. ನಾಯಿ ನವಿಲನ್ನು ಕೊಲ್ಲುತ್ತದೆ, ಅರಸ ಯಶೋಮತಿಯ ಪೆಟ್ಟಿನಿಂದ ನಾಯಿ ಸಾಯುತ್ತದೆ. ಅಂದರೆ ತಾಯಿ ಮಗನನ್ನು ಕೊಂದಳು, ಮೊಮ್ಮಗ ಅಜ್ಜಿಯನ್ನು ಕೊಂದನು. ಯಾರಿಗೂ ಯಾರ ಗುರುತೂ ಇಲ್ಲ. ಕನ್ನಡ ವಿಮರ್ಶೆ ಈ ಕಾವ್ಯದ ಅಮೃತಮತಿಯ ಪ್ರಸಂಗಕ್ಕೆ ಕೊಟ್ಟಷ್ಟು ಗಮನವನ್ನು ಭವಾವಳಿಗೆ ಕೊಟ್ಟಿಲ್ಲ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಬಂದ ಮೇಲಂತೂ ಚರ್ಚೆ ರಾಣಿ ಮತ್ತು ಮಾವುತನ ಸುತ್ತಲೇ ನಿಂತಿತು. ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಎಂದು ಸಾಗುವ ಜನ್ಮಗಳ ಸಾಲು ಓದುಗನಿಗೆ ಪುನರುಕ್ತಿಯಂತೆ ತೋರುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಕಾವ್ಯವಾಗಿ ಆ ಭಾಗ ಮೊದಲ ಭಾಗದ ಬಿಗಿಯನ್ನು ಮುಟ್ಟುವುದಿಲ್ಲ. ಆದರೆ ಕೃತಿಯ ನೈತಿಕ ಲೆಕ್ಕ ಪೂರ್ಣವಾಗುವುದು ಅಲ್ಲಿಯೇ. ಯಶೋಧರ ಪರಂಪರೆಯ ಕಥೆಗಳಲ್ಲಿ ಸತ್ತ ತಂದೆಯ ಸದ್ಗತಿಗಾಗಿ ಮಗ ಮಾಡಿಸುವ ಅಡುಗೆಗೆ, ಮೀನಾಗಿ ಹುಟ್ಟಿದ ಆ ತಂದೆಯೇ ಪದಾರ್ಥವಾಗುತ್ತಾನೆ. ತಟ್ಟೆಯಲ್ಲಿರುವುದು ಯಾರೆಂಬುದು ಉಣ್ಣುವವನಿಗೆ ತಿಳಿಯದು. ಆ ಕಥೆಗಳ ಭಯಾನಕತೆ ಇದರಲ್ಲಿದೆ.

ಈ ಓದಿನಿಂದ ಎರಡು ಮಾತು ಹೊರಡುತ್ತವೆ. ಶ್ರಾವಕನು ತಾನು ತಿನ್ನುವುದಿಲ್ಲವೆಂದು ಹೇಳಿ ಸಾಕಿದ ನಾಯಿಗೆ ಮಾಂಸವನ್ನು ಕೊಂಡು ಹಾಕುವಂತಿಲ್ಲ. ಕೃತ, ಕಾರಿತ, ಅನುಮೋದನೆಗಳಲ್ಲಿ ಕೊಂಡು ಹಾಕುವುದು ಕಾರಿತವೇ ಆಗುತ್ತದೆ. ತಿಂದ ಬಾಯಿ ನಾಯಿಯದೆಂಬುದು ಲೆಕ್ಕವನ್ನು ಬದಲಿಸದು. ಮೊಟ್ಟೆಯ ವಿಷಯದಲ್ಲಿ ಕೆಲವು ಮನೆಗಳಲ್ಲಿ ನಡೆಯುವ ವಾದವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಎರಡನೆಯದು ಇನ್ನೂ ಕಠಿಣ. ಮಾಂಸವನ್ನು ತೆಗೆದ ಮಾತ್ರಕ್ಕೆ ತಟ್ಟೆ ಶುದ್ಧವಾಗುವುದಿಲ್ಲ. ಯಶೋಧರನೂ ಹಿಂಸೆಯನ್ನು ತಪ್ಪಿಸಿಕೊಂಡೆನೆಂದೇ ಹಿಟ್ಟಿನ ಕೋಳಿಯನ್ನು ಮಾಡಿಸಿದನು. ಹೊರಗಿನ ರೂಪವನ್ನು ಸರಿಪಡಿಸಿಕೊಂಡು ಒಳಗಿನ ಹೊಣೆಯಿಂದ ಜಾರಿಕೊಳ್ಳುವ ಮನಸ್ಸಿಗೆ ಆ ಕೋಳಿ ಸಂಕೇತ. ‘ಮನೆಯಲ್ಲಿ ಮಾಂಸವಿಲ್ಲ, ನಾಯಿಗೂ ರೊಟ್ಟಿ ಹಾಲು’ ಎಂದು ಸಮಾಧಾನಪಟ್ಟುಕೊಂಡು, ಆ ರೊಟ್ಟಿ ಹಾಲಿನಿಂದ ನಾಯಿಯ ಎಲುಬು ಸವೆಯುತ್ತಿದೆಯೇ ಎಂದು ನೋಡದಿರುವುದೂ ಅದೇ ಬಗೆಯ ಜಾರಿಕೆ. ಎಲುಬಿನ ಆಕಾರದಲ್ಲಿ ಮಾಡಿದ ಸಸ್ಯಾಹಾರಿ ಬಿಸ್ಕತ್ತುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅದನ್ನು ಹಿಟ್ಟಿನ ಕೋಳಿಗೆ ಹೋಲಿಸಿ ನಗುವವರುಂಟು. ಕೊಡುವವನಲ್ಲಿ ಕೊಲ್ಲುವ ಸಂಕಲ್ಪವಿಲ್ಲವಾದ್ದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆದರೂ ಶ್ರಾವಕನ ಮಗುವಿನ ಕೈಯಲ್ಲಿ ಆ ಆಕಾರ ಚೆನ್ನಾಗಿ ಕಾಣುವುದಿಲ್ಲ.

ಕಾವ್ಯದ ಹೊರಗೆ ಶಾಸನವೊಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು, ಮಣಲೇರನ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತುದನ್ನು ಸ್ಮರಿಸುತ್ತದೆ. ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟಿದ್ದರು; ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆಂಬ ಎಚ್ಚರಿಕೆಯನ್ನೂ ಕೊರೆಸಿದರು. ನಾಯಿಯನ್ನು ಅಷ್ಟು ಪ್ರೀತಿಸಿದವರೂ ಬೇಟೆಯಲ್ಲಿ ಅದು ಮಾಡಿದ್ದು ಪಾಪವೆಂಬುದನ್ನು ಮರೆಯಲಿಲ್ಲ. ನಾಯಿಯಿಂದ ಪಾಪ ಮಾಡಿಸಿದವರು ಯಾರೆಂಬ ಪ್ರಶ್ನೆಯನ್ನು ಶಾಸನ ಎತ್ತುವುದಿಲ್ಲ. ಜೈನಾಚಾರ್ಯರು ಎತ್ತಿದ್ದಾರೆ. ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡದಲ್ಲಿ ಸೇರಿಸುತ್ತದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನು ಶ್ರಾವಕನು ಬಿಡಬೇಕಾದ ಉದ್ಯೋಗಗಳಲ್ಲಿ ಎಣಿಸುತ್ತದೆ. ಹಾಗಾದರೆ ಜೈನರ ಮನೆಯಲ್ಲಿ ನಾಯಿಯೇ ಇರಬಾರದು ಎಂದು ಕೆಲವು ಹಿರಿಯರು ವಾದಿಸುತ್ತಾರೆ. ಮರಿ ಹಾಕಿಸಿ ಮಾರುವವರಿಗೂ, ಮೊಲದ ಬೇಟೆಗೆಂದು ಮುಧೋಳದ ನಾಯಿಯನ್ನು ಸಾಕುವವರಿಗೂ ಈ ವಾದ ಪೂರ್ಣವಾಗಿ ಅನ್ವಯಿಸುತ್ತದೆ. ಬೆಕ್ಕಿನ ವಿಷಯದಲ್ಲಿಯೂ ಅದು ಸರಿಯೇ. ಬೆಕ್ಕಿನ ದೇಹಕ್ಕೆ ಬೇಕಾದ ಟಾರೀನ್ ಮೊದಲಾದವು ಮನೆಯ ಸಸ್ಯಾಹಾರದಿಂದ ದೊರೆಯವು, ಅದು ನಿಸರ್ಗದಿಂದಲೇ ಮಾಂಸಾಹಾರಿ. ಆದರೆ ಬಾಗಿಲಿಗೆ ಬಂದು ನಿಂತ ಮರಿಯನ್ನು, ಈಗಾಗಲೇ ಮನೆಯಲ್ಲಿ ಬೆಳೆದ ನಾಯಿಯನ್ನು ಈ ವಚನಗಳ ಆಧಾರದ ಮೇಲೆ ಬೀದಿಗೆ ಅಟ್ಟುವುದು ಆಚಾರ್ಯರ ಅಭಿಪ್ರಾಯವಾಗಿರಲಾರದು. ಇಟ್ಟುಕೊಳ್ಳುವ ಮುನ್ನ ಯೋಚಿಸಬೇಕು. ಇಟ್ಟುಕೊಂಡ ಮೇಲೆ ಐದನೆಯ ಅತಿಚಾರ ಮುಂದೆ ನಿಲ್ಲುತ್ತದೆ.

ಮಾಂಸವಿಲ್ಲದೆ ನಾಯಿಯನ್ನು ಆರೋಗ್ಯವಾಗಿ ಸಾಕಲು ಸಾಧ್ಯವೇ ಎಂಬುದೇ ಈಗ ಮುಖ್ಯ ಪ್ರಶ್ನೆ. ನಾಯಿ ಬೆಕ್ಕಿನಂತಲ್ಲ. ಮನುಷ್ಯನೊಡನೆ ಸಾವಿರಾರು ವರ್ಷ ಬಾಳಿ ಅದರ ಜೀರ್ಣಶಕ್ತಿ ತೋಳಕ್ಕಿಂತ ಬೇರೆಯಾಗಿದೆ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡು ಪ್ರತಿಯಿದ್ದರೆ ನಾಯಿಯಲ್ಲಿ ಅನೇಕ ಪಟ್ಟು ಹೆಚ್ಚಿದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ರೊಟ್ಟಿ ಅನ್ನಗಳು ಅದಕ್ಕೆ ಪರಕೀಯವಲ್ಲ. ಬ್ರಿಟನ್ನಿನ ಪಶುವೈದ್ಯ ಸಂಘವು ಪೋಷಕಾಂಶಗಳಲ್ಲಿ ಪರಿಪೂರ್ಣವಾದ ಸಸ್ಯಾಹಾರದ ಬಗ್ಗೆ ತನಗಿದ್ದ ವಿರೋಧವನ್ನು 2024ರಲ್ಲಿ ಕೈಬಿಟ್ಟಿತು. ಇದನ್ನು ಕೇಳಿ ಹಿಗ್ಗುವ ಮುನ್ನ ‘ಪರಿಪೂರ್ಣವಾದ’ ಎಂಬ ವಿಶೇಷಣವನ್ನು ಇನ್ನೊಮ್ಮೆ ಓದಬೇಕು. ಕ್ಯಾಲಿಫೋರ್ನಿಯಾದ ಡೇವಿಸ್ ಪಶುವೈದ್ಯ ಶಾಲೆಯವರು 2013ರಲ್ಲಿ, ಮನೆಯಲ್ಲಿ ನಾಯಿಗೆಂದು ಮಾಡುವ 200 ಅಡುಗೆ ವಿಧಾನಗಳನ್ನು ಪರೀಕ್ಷಿಸಿದರು. ನೂರಕ್ಕೆ 95ರಲ್ಲಿ ಒಂದಾದರೂ ಅವಶ್ಯಕ ಪೋಷಕಾಂಶ ಕಡಿಮೆಯಿತ್ತು. ಅವುಗಳಲ್ಲಿ ಹೆಚ್ಚಿನವು ಮಾಂಸವಿದ್ದ ಅಡುಗೆಗಳೆಂಬುದು ಗಮನಾರ್ಹ. ಕೊರತೆಗೆ ಕಾರಣ ಸಸ್ಯಾಹಾರವೇ ಆಗಬೇಕಾಗಿಲ್ಲ. ಅಳತೆಯಿಲ್ಲದ ಅಡುಗೆ ಸಾಕು.

ವ್ಯಾಪಾರಸ್ಥ ಸಮಾಜಕ್ಕೆ ಜಮಾಖರ್ಚಿನ ಭಾಷೆ ಸುಲಭವಾಗಿ ತಿಳಿಯುತ್ತದೆ. ಹದಿನೈದು ಕಿಲೋ ತೂಕದ, ಸಾಧಾರಣ ಓಡಾಟದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 850 ಕಿಲೋಕ್ಯಾಲರಿ ಶಕ್ತಿ ಬೇಕು. ಅಮೆರಿಕದ ಪಶು ಆಹಾರ ನಿಯಂತ್ರಕರ ಒಕ್ಕೂಟದ ಅಳತೆಯಂತೆ ಅಷ್ಟು ಶಕ್ತಿಯ ಜೊತೆಗೆ ಸುಮಾರು 38 ಗ್ರಾಂ ಪ್ರೋಟೀನು, ಒಂದು ಗ್ರಾಂಗೆ ತುಸು ಮೇಲೆ ಕ್ಯಾಲ್ಸಿಯಂ ಬರಬೇಕು. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 200 ಮಿಲಿಲೀಟರ್ ಆಕಳ ಹಾಲು ಹಾಕಿದರೆ ಶಕ್ತಿ ಬಹುಮಟ್ಟಿಗೆ ಸರಿಹೋಗುತ್ತದೆ; ಹೊಟ್ಟೆ ತುಂಬುತ್ತದೆ, ನಾಯಿ ಬಾಲ ಅಲ್ಲಾಡಿಸುತ್ತದೆ. ಪ್ರೋಟೀನು ಮಾತ್ರ 26–27 ಗ್ರಾಂಗೆ ನಿಲ್ಲುತ್ತದೆ, ಅದರಲ್ಲಿಯೂ ಜೋಳದಲ್ಲಿ ಲೈಸಿನ್ ಕಡಿಮೆ. ಕ್ಯಾಲ್ಸಿಯಂ 290 ಮಿಲಿಗ್ರಾಂ ಸುತ್ತಮುತ್ತ, ಅಂದರೆ ಬೇಕಾದದ್ದರ ಕಾಲುಭಾಗಕ್ಕೆ ಸ್ವಲ್ಪ ಮೇಲೆ. ಇಷ್ಟೇ ಆದರೆ ಒಂದು ಮಾತು. ಕ್ಯಾಲ್ಸಿಯಂ ಯಾವಾಗಲೂ ರಂಜಕಕ್ಕೆ ಸಮನಾಗಿ ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು, ಎರಡು ಪಟ್ಟಿನೊಳಗೆ. ರೊಟ್ಟಿ ಹಾಲಿನ ತಟ್ಟೆಯಲ್ಲಿ ರಂಜಕವೇ ಕ್ಯಾಲ್ಸಿಯಂನ ಎರಡೂವರೆ ಪಟ್ಟಾಗುತ್ತದೆ. ಆಗ ದೇಹವು ರಕ್ತದ ಮಟ್ಟವನ್ನು ಕಾಯ್ದುಕೊಳ್ಳಲು ತನ್ನ ಎಲುಬಿನಿಂದಲೇ ಸಾಲ ಎತ್ತುತ್ತದೆ. ವರ್ಷಗಟ್ಟಲೆ ಹೊರಗೆ ಏನೂ ಕಾಣಿಸದು. ಬೆಳೆಯುವ ಮರಿಗಾದರೆ ಅಷ್ಟು ಕಾಲ ಬೇಕಿಲ್ಲ. ಅದಕ್ಕೆ ಬೆಳೆದ ನಾಯಿಗಿಂತ ಎರಡು ಪಟ್ಟಿಗೂ ಹೆಚ್ಚಿನ ಪ್ರಮಾಣದಲ್ಲಿ ಕ್ಯಾಲ್ಸಿಯಂ ಬೇಕಾಗುವುದರಿಂದ ಕಾಲುಗಳು ಬೇಗ ಸೊಟ್ಟಗಾಗುತ್ತವೆ. ಸಿಂಧನೂರಿನ ಕಡೆಯ ನುಚ್ಚಿನ ಅನ್ನಕ್ಕೆ ಮಜ್ಜಿಗೆ ಸುರಿದ ಊಟದ ಲೆಕ್ಕವೂ ಇದಕ್ಕಿಂತ ಉತ್ತಮವಾಗಿ ಹೊಂದುವುದಿಲ್ಲ, ಅಕ್ಕಿಯಲ್ಲಿ ಪ್ರೋಟೀನು ಜೋಳಕ್ಕಿಂತಲೂ ಕಡಿಮೆ.

ಇದು ಅನ್ನಪಾನನಿರೋಧವೇ? ಅನ್ನವನ್ನು ತಡೆದಿಲ್ಲ, ಕೊಟ್ಟಿದ್ದಾರೆ ಎಂದು ಉತ್ತರಿಸಬಹುದು. ಹಸಿವೆಯ ಬಾಧೆಯೆಂಬ ಪೂಜ್ಯಪಾದರ ವಿವರಣೆಯನ್ನು ಹಿಡಿದರೆ ಈ ಉತ್ತರ ನಿಲ್ಲುವುದಿಲ್ಲ. ಹೊಟ್ಟೆಯ ಹಸಿವು ಒಂದು, ಎಲುಬಿನ ಹಸಿವು ಇನ್ನೊಂದು. ಅತಿಚಾರವೆಂದರೆ ವ್ರತದ ಪೂರ್ಣ ಭಂಗವಲ್ಲ, ಅಂಶಭಂಗ, ಪ್ರಮಾದದಿಂದ ಆಗುವಂಥದು. ತಿಳಿಯದೆ ಮಾಡಿದವನು ಕ್ರೂರಿಯಲ್ಲ. ತಿಳಿದ ಮೇಲೂ ಹಾಗೆಯೇ ನಡೆಸಿದರೆ ಪ್ರಮಾದವೆಂಬ ಮಾತು ಅವನಿಗೆ ಆಸರೆಯಾಗದು.

ಸರಿಪಡಿಸುವುದು ಕಷ್ಟವಲ್ಲ. ಅದೇ ನಾಯಿಗೆ 120 ಗ್ರಾಂ ಜೋಳ ಅಥವಾ ಅಕ್ಕಿ, ಮೆತ್ತಗೆ ಬೇಯಿಸಿದ 60 ಗ್ರಾಂ ತೊಗರಿ ಇಲ್ಲವೆ ಹೆಸರುಬೇಳೆ, 150 ಗ್ರಾಂ ಮೊಸರು, 40 ಗ್ರಾಂ ಪನೀರು, ಒಂದು ಚಮಚ ಎಣ್ಣೆ, ಸ್ವಲ್ಪ ಬೇಯಿಸಿದ ಕುಂಬಳಕಾಯಿ ಎಂದು ಅಳೆದು ಇಟ್ಟರೆ ಪ್ರೋಟೀನಿನ ಲೆಕ್ಕ ಸರಿಸುಮಾರು ಕೂಡುತ್ತದೆ. ನಾಯಿಯ ದೇಹ ಕುಂಬಳದ ಬಣ್ಣದ ಸತ್ವವನ್ನು ಎ ಜೀವಸತ್ವವಾಗಿ ಮಾರ್ಪಡಿಸಬಲ್ಲದಾದ್ದರಿಂದ ಗಜ್ಜರಿ ಮೊದಲಾದ ಗಡ್ಡೆಗಳಿಲ್ಲದೆಯೂ ನಡೆಯುತ್ತದೆ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಸಿ ಹಾಲು ಭೇದಿ ಮಾಡಿಸುತ್ತದೆ, ಮೊಸರು ಒಗ್ಗುತ್ತದೆ. ಬೇಳೆಯನ್ನೂ ಮೊಸರನ್ನೂ ಒಂದೇ ಪಾತ್ರೆಯಲ್ಲಿ ಕಲಸುವುದು ದ್ವಿದಳವಾಗುತ್ತದೆಂಬ ಸಂಕೋಚ ಮನೆಯ ಹೆಂಗಸರಿಗೆ ಬರಬಹುದು. ನಾಯಿಗೆ ಆ ನಿಯಮವಿಲ್ಲ, ಕಲಸುವ ಕೈಗೆ ಇದೆ. ಬೆಳಿಗ್ಗೆ ಬೇಳೆ, ಸಂಜೆ ಮೊಸರು ಎಂದು ಹಂಚಿದರೆ ಎರಡೂ ಉಳಿಯುತ್ತವೆ. ಬೆಳೆದ ನಾಯಿಗೆ ದಿನಕ್ಕೆ ಎರಡು ಊಟ ಸಾಕಾದ್ದರಿಂದ ಸೂರ್ಯಾಸ್ತಕ್ಕೆ ಮೊದಲು ಎರಡನೆಯದನ್ನು ಮುಗಿಸುವುದಕ್ಕೂ ಅಡ್ಡಿಯಿಲ್ಲ.

ಇಷ್ಟಾದರೂ ಕ್ಯಾಲ್ಸಿಯಂ ಅರ್ಧದ ಹತ್ತಿರವೇ ನಿಲ್ಲುತ್ತದೆ. ಉಳಿದದ್ದಕ್ಕೆ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟು ಬೇಕು. ಇಲ್ಲಿ ಶ್ರಾವಕನು ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಬೇಕು: ಖನಿಜದಿಂದ ಬಂದ ಕ್ಯಾಲ್ಸಿಯಂ ಉಂಟು, ಎಲುಬಿನ ಪುಡಿಯಿಂದ ಬಂದದ್ದೂ ಉಂಟು. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವವನ್ನು ಮಾಡಿಕೊಳ್ಳಲಾರದು, ಅದನ್ನು ಆಹಾರದಲ್ಲಿಯೇ ಕೊಡಬೇಕು. ಬಿ12, ಸತು, ಅಯೋಡಿನ್‌ಗಳೂ ಧಾನ್ಯ ಬೇಳೆಗಳಲ್ಲಿ ಸಾಲವು. ಕ್ಯಾಪ್ಸೂಲಿನ ಹೊದಿಕೆ ಜಿಲೆಟಿನ್ ಆಗಿರುವುದುಂಟಾದ್ದರಿಂದ ಪುಡಿ ಅಥವಾ ದ್ರವರೂಪದ ಔಷಧಿಯನ್ನೇ ಕೇಳಿ ಪಡೆಯಬಹುದು. ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು, ಏಕೆಂದರೆ ಡಿ ಜೀವಸತ್ವ ಹೆಚ್ಚಾದರೂ ವಿಷವೇ. ಮರಿ, ಗಬ್ಬದ ನಾಯಿ, ಮೂತ್ರಪಿಂಡದ ರೋಗವಿರುವ ಮುದಿ ನಾಯಿ ಇವುಗಳಿಗೆ ಮೇಲಿನ ಲೆಕ್ಕ ಅನ್ವಯಿಸದು.

ಮನುಷ್ಯರಿಗೆ ಮಾಡಿದ ಸಾರು, ಪಲ್ಯವನ್ನೇ ನಾಯಿಗೂ ಸುರಿಯುವ ಪದ್ಧತಿಯನ್ನು ಬಿಡಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜೈನರ ಅಡುಗೆಮನೆಗೆ ಅವು ಬಾರದಿರುವುದು ಈ ಪ್ರಾಣಿಯ ಪುಣ್ಯವೆನ್ನಬೇಕು. ಆದರೆ ಹುಣಸೆಹಣ್ಣು ಎಲ್ಲ ಮನೆಗಳಲ್ಲಿಯೂ ಇದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆಂಬುದು ಮೊದಲೇ ತಿಳಿದಿತ್ತು. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದೂ, ಹುಣಸೆ ತಿಂದ ನಾಯಿಗಳಲ್ಲಿಯೂ ಅದೇ ಹಾನಿ ಕಂಡಿದೆಯೆಂದೂ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಆದ್ದರಿಂದ ಒಗ್ಗರಣೆ, ಹುಳಿ, ಖಾರ ಹಾಕುವ ಮುನ್ನವೇ ಬೆಂದ ಬೇಳೆಯನ್ನು ನಾಯಿಯ ಪಾಲಿಗೆ ತೆಗೆದಿಡುವುದು ಸುಲಭವಾದ ಉಪಾಯ.

ಬಸದಿ ಮಂದಿರಗಳ ಟ್ರಸ್ಟುಗಳಿಗೂ ಇದರಲ್ಲಿ ಪಾಲಿದೆ. ಪೂಜೆ ಪಂಚಕಲ್ಯಾಣಗಳ ಊಟದ ಬಳಿಕ ಉಳಿದ ಬುಂದಿ, ಒಣದ್ರಾಕ್ಷಿ ಹಾಕಿದ ಪಾಯಸ, ಕರಿದ ತಿಂಡಿಗಳನ್ನು ಬಾಗಿಲ ಹೊರಗೆ ನಾಯಿಗಳಿಗೆ ಸುರಿದು ಅದನ್ನು ಕರುಣಾದಾನವೆಂದು ಬರೆಯುವುದುಂಟು. ಆ ಆಹಾರ ನಾಯಿಗೆ ಕೆಟ್ಟದ್ದು, ಆ ಜಾಗ ಮಕ್ಕಳಿಗೆ ಅಪಾಯ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಆಹಾರವಿಡುವ ಸ್ಥಳ ಮಕ್ಕಳು ಆಡುವ ಜಾಗದಿಂದಲೂ ಕಟ್ಟಡಗಳ ಪ್ರವೇಶದ್ವಾರಗಳಿಂದಲೂ ದೂರವಿರಬೇಕೆನ್ನುತ್ತವೆ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿಗಳಲ್ಲಿ ಎಲ್ಲೆಂದರಲ್ಲಿ ಆಹಾರ ಹಾಕುವುದನ್ನು ತಡೆದು, ಸ್ಥಳೀಯ ಸಂಸ್ಥೆಗಳು ವಾರ್ಡಿಗೊಂದರಂತೆ ನಿಗದಿತ ಜಾಗಗಳನ್ನು ಮಾಡಬೇಕೆಂದು ಹೇಳಿತು. ಟ್ರಸ್ಟು ತನ್ನ ಊರಿನ ನಗರಸಭೆ ಅಥವಾ ಪುರಸಭೆಯೊಡನೆ ಮಾತಾಡಿ ಅಂತಹ ಒಂದು ಜಾಗವನ್ನು ವಹಿಸಿಕೊಂಡು, ಸಪ್ಪೆಯಾದ ಬೇಳೆ ಅನ್ನವನ್ನು ಹೊತ್ತಿಗೆ ಸರಿಯಾಗಿ ಇರಿಸಿ, ಹುಚ್ಚುನಾಯಿ ರೋಗದ ಲಸಿಕೆಗೂ ಹಣ ತೆಗೆದಿಟ್ಟರೆ ಆಹಾರದಾನ, ಔಷಧದಾನ, ಅಭಯದಾನ ಮೂರೂ ಕೂಡಿಬರುತ್ತವೆ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ದೊರೆತ, ಅಶೋಕನ ಹೆಸರನ್ನೇ ಹೊತ್ತ ಶಾಸನದಲ್ಲಿ ಪ್ರಾಣಿಗಳ ಮಾತಿಲ್ಲ. ಆದರೆ ಅದೇ ಅರಸನು ಗಿರ್ನಾರ್ ಮೊದಲಾದ ಕಡೆ ಬರೆಸಿದ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ಹೇಳಿಕೊಂಡಿದ್ದಾನೆ. ಅನ್ನದ ಜೊತೆಗೆ ಔಷಧವನ್ನೂ ಎಣಿಸುವ ಈ ದೃಷ್ಟಿ ಟ್ರಸ್ಟುಗಳ ಬಜೆಟ್ಟಿನಲ್ಲಿ ಇನ್ನೂ ಕಾಣಬೇಕಾಗಿದೆ.

ಉಳಿದಿರುವುದು ಪರ್ವದಿನಗಳ ಮಾತು. ಅಷ್ಟಮಿ ಚತುರ್ದಶಿಗಳಂದು, ದಶಲಕ್ಷಣದ ಅಥವಾ ಪರ್ಯುಷಣದ ದಿನಗಳಲ್ಲಿ ಮನೆಮಂದಿಯೆಲ್ಲ ಉಪವಾಸವಿದ್ದು ಒಲೆ ಹೊತ್ತಿಸದ ಮನೆಗಳಿವೆ. ಶ್ರವಣಬೆಳಗೊಳಕ್ಕೋ ಸಮ್ಮೇದ ಶಿಖರಕ್ಕೋ ಯಾತ್ರೆ ಹೋದಾಗ ಹತ್ತು ಹದಿನೈದು ದಿನ ಬೀಗ ಬಿದ್ದಿರುವ ಮನೆಗಳೂ ಇವೆ. ಉಪವಾಸ ಸ್ವೇಚ್ಛೆಯಿಂದ ಸ್ವೀಕರಿಸಿದ ತಪಸ್ಸು. ಅದನ್ನು ಇನ್ನೊಂದು ಜೀವದ ಮೇಲೆ ಹೇರಿದರೆ ಅದು ತಪಸ್ಸಲ್ಲ, ನಿರೋಧ. ಉಪವಾಸದ ದಿನ ನಾಯಿಯ ಪಾಲಿನ ಬೇಳೆ ಅಕ್ಕಿಯನ್ನು ಬೇಯಿಸಲು ಯಾರಾದರೊಬ್ಬರು ಒಲೆ ಹಚ್ಚಬೇಕು. ಯಾತ್ರೆಗೆ ಹೊರಡುವವರು ನೆರೆಯವರ ಕೈಗೆ ಬೀಗದ ಕೈ ಕೊಡುವಾಗ, ಎಷ್ಟು ಅಳತೆ, ಎಷ್ಟು ಹೊತ್ತಿಗೆ, ಯಾವ ಪುಡಿ ಎಂಬ ಚೀಟಿಯನ್ನೂ ಬೇಳೆಯ ಡಬ್ಬಿಯನ್ನೂ ಜೊತೆಗೆ ಕೊಟ್ಟು ಹೋಗಬೇಕು.